ಪೇಟಿಗೂ ಮುಪ್ಪು ಬಂತೇನು?

ಯಾರ ಮನೆಗೆ ಹೋದರೂ ಅಲ್ಲಿ ಗ್ರಾಮೊಫೋನ್ ಇದ್ದರೆ ನಾನು ಮೊದಲು ಮಾಡುವ ಕೆಲಸ ಒಂದಿದೆ. ಜೇಬಿನಿಂದ ಒಂದು ಚೂರು ಕಾಗದ ತೆಗೆದು ಪ್ಲೇಟಿನ ಅಂಚಿನ ಕೆಳಗೆ ಸಿಕ್ಕಿಸುತ್ತೇನೆ. ಗಡಿಯಾರವನ್ನು ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ಹಾಡು ಶುರುವಾಗುತ್ತದೆ. ಉಳಿದವರು ತಲೆದೂಗುತ್ತಾರೆ, ನಾನು ಎಣಿಸುತ್ತೇನೆ. ಒಂದು ನಿಮಿಷಕ್ಕೆ ಆ ಕಾಗದದ ಚೂರು ಎಪ್ಪತ್ತೆಂಟು ಸಲ ನನ್ನ ಕಣ್ಣ ಮುಂದೆ ಹಾದು ಹೋದರೆ ಮಾತ್ರ ಹಾಡಿದವರ ಬಗ್ಗೆ ಮಾತಾಡುತ್ತೇನೆ. ಎಪ್ಪತ್ತೈದೇ ಬಂದರೆ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

"ಎಲ್ಲಾರೂ ಹಾಡ ಕೇಳತಾರ, ನೀವು ಗಾಣದ ಎತ್ತಿನ ಸುತ್ತ ಎಣಿಸಿದಂಗ ಎಣಸಾಕತ್ತೀರಿ" ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಬೀಗರ ಮನೆಯಲ್ಲಂತೂ ನನ್ನನ್ನು ಕಂಡರೆ ಗ್ರಾಮೊಫೋನಿನ ಮೇಲೆ ಬಟ್ಟೆ ಹೊದಿಸಿಬಿಡುತ್ತಾರೆ. ಆದರೆ ನಾನು ಬಿ.ಎ. ಪಾಸಾದವನು. ಎಪ್ಪತ್ತೆಂಟರವರೆಗೆ ಎಣಿಸಲು ಕಲಿತದ್ದು ಬಹಳ ತಡವಾಗಿ, ಬಹಳ ನಾಚಿಕೆಪಟ್ಟು. ಒಮ್ಮೆ ಕಲಿತದ್ದನ್ನು ಸುಮ್ಮನೆ ಬಿಡಲಾಗುವುದಿಲ್ಲ.

ಬಿ.ಎ. ಎಂದೆನಲ್ಲ, ಅದರ ಮಾತು ಮೊದಲು ಮುಗಿಸುತ್ತೇನೆ. ಇಲ್ಲದಿದ್ದರೆ ಅದು ನಡುನಡುವೆ ಬಂದು ತೊಂದರೆ ಕೊಡುತ್ತದೆ. ನಮ್ಮ ಅಪ್ಪ ಮಾಬುಸಾಬ ಹುಬ್ಬಳ್ಳಿಯಲ್ಲಿ ಹತ್ತಿ ಹಿಂಜುವ ಪಿಂಜಾರ. ಗಾದಿ, ತಲೆದಿಂಬು, ಕೌದಿ, ಎಲ್ಲರ ನಿದ್ದೆಯೂ ಅವನ ಕಮಾನಿನ ಕೆಳಗೆ ಹಾದುಹೋಗಬೇಕು. ಆಳೆತ್ತರದ ಆ ಕಮಾನಿಗೆ ಬಿಗಿದ ನರದ ತಂತಿಯನ್ನು ಮರದ ಬಡಿಗೆಯಿಂದ ಮೀಟಿದರೆ 'ಝಂಯ್' ಎನ್ನುತ್ತದೆ, ಹತ್ತಿ ಮಂಜಿನಂತೆ ಎದ್ದು ಬೀಳುತ್ತದೆ. ಆ ಮಂಜಿನೊಳಗೆ ಕೂತು ನಾನು ಓದಿದೆ. ನನ್ನ ಪುಸ್ತಕಗಳನ್ನು ಈಗಲೂ ಬಿಚ್ಚಿದರೆ ಹತ್ತಿಯ ಎಳೆ ಹಾರುತ್ತದೆ. ಇಂಟರ್‌ಗೆ ಎರಡು ಸಲ ಕೂತೆ, ಬಿ.ಎ.ಗೂ ಎರಡು ಸಲ. ನಮ್ಮ ಮನೆತನದಲ್ಲಿ ಸಹಿ ಮಾಡಿದ ಮೊದಲನೆಯವನೇ ನಾನು. ಫಲಿತಾಂಶ ಬಂದ ವಾರವೇ ಅಪ್ಪ ಅಂಗಡಿಯ ಫಲಕಕ್ಕೆ ಹೊಸದಾಗಿ ಬಣ್ಣ ಹೊಡೆಸಿದ: 'ಇಲ್ಲಿ ಗಾದಿ, ತಲೆದಿಂಬು ಹಿಂಜಿ ಕೊಡಲಾಗುವುದು. ಮಗ ಬಿ.ಎ.' ಗಾದಿ ಹಿಂಜಿಸಲು ಬಂದವರು ಆ ಕೊನೆಯ ಸಾಲಿನಿಂದ ಏನು ತಿಳಿಯಬೇಕು ಎಂದು ನಾನು ಕೇಳಲಿಲ್ಲ. ನನಗೂ ಅದು ಹಿತವಾಗಿಯೇ ಇತ್ತು.

ಈಗ ತಮ್ಮಣ್ಣ ಮಾಸ್ತರರ ವಿಷಯ. ಅವರು ನಾಟಕ ಕಂಪನಿಯಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದವರು. ಇಪ್ಪತ್ತೈದು ಮೂವತ್ತು ವರ್ಷ ರಾಜಕುಮಾರಿಯಾಗಿಯೇ ಇದ್ದರು, ಒಂದು ದಿನವೂ ರಾಣಿಯಾಗಲು ಒಪ್ಪಲಿಲ್ಲ. ಒಂದು ವರ್ಷ ಎಡಮೂಗಿನ ಮೇಲೆ ಕುರು ಎದ್ದು ನತ್ತನ್ನು ಬಲಕ್ಕೆ ಸಿಕ್ಕಿಸಿಕೊಂಡು ಬಂದರು. ಮೂರು ತಿಂಗಳು ಹುಬ್ಬಳ್ಳಿಯ ಅಕ್ಕಸಾಲಿಗರಿಗೆ ಮರ್ಯಾದಸ್ಥರ ಮನೆಗಳಲ್ಲಿ ಬಲಮೂಗು ಚುಚ್ಚುವುದೇ ಕೆಲಸವಾಯಿತು. ಕುರು ವಾಸಿಯಾಗಿ ನತ್ತು ಎಡಕ್ಕೆ ಮರಳಿದಾಗ ಅನೇಕರ ಮನೆಯಲ್ಲಿ ಬೇಸರವಾಯಿತು.

ಆ ರಾಜಕುಮಾರಿಯ ಎದೆಗೆ ತುಂಬುತ್ತಿದ್ದ ಹತ್ತಿ ನಮ್ಮ ಅಪ್ಪ ಹಿಂಜಿದ್ದು. ಅದನ್ನು ಒಳಗೆ ಕೂರಿಸಿ ಕುಪ್ಪಸ ಹೊಲಿದವನು ನಮ್ಮ ಓಣಿಯ ಸಿಂಪಿಗ ರುದ್ರಪ್ಪ. ಇಡೀ ಊರು ಏನನ್ನು ಕಂಡು ನಿಟ್ಟುಸಿರು ಬಿಡುತ್ತಿದೆ ಎಂಬುದು ಈ ಇಬ್ಬರಿಗೆ ಮಾತ್ರ ಗೊತ್ತಿತ್ತು. ಕಂಪನಿ ಬಂದಾಗಲೆಲ್ಲ ಹಳೆಯ ಹತ್ತಿ ಅಪ್ಪನ ಹತ್ತಿರ ಬರುತ್ತಿತ್ತು, ಹಿಂಜಿಸಿಕೊಂಡು ಹಗುರಾಗಿ ಮರಳುತ್ತಿತ್ತು. ಅಪ್ಪ ಒಂದು ಕತೆ ಹೇಳುತ್ತಿದ್ದ: ಮಾಸ್ತರರು ಒಮ್ಮೆ ಅಂಗಡಿಯ ಮುಂದೆ ಹಾಯುವಾಗ ಕಮಾನಿನ ಝಂಯ್‌ಕಾರ ಕೇಳಿ ನಿಂತರಂತೆ, 'ಮಾಬೂ, ಇದು ನನ್ನ ಸಾ ನೋಡಪಾ' ಎಂದರಂತೆ. ಅಂದಿನಿಂದ ಅಪ್ಪ ತಂತಿಯನ್ನು ಅದೇ ಬಿಗಿಗೆ ಇಟ್ಟುಕೊಂಡು ಬಂದಿದ್ದ. ಅವರ ಹಾಡಿನ ಆಧಾರ ಷಡ್ಜ ಅದು, ಪೇಟಿಯ, ಎಂದರೆ ಹಾರ್ಮೋನಿಯಂನ, ನಾಲ್ಕನೆಯ ಕಪ್ಪು ಮನೆ, ಕರಿ ನಾಲ್ಕು. ಬಿ.ಎ. ಆದಮೇಲೆ ನಾನು ಈ ಕತೆಯನ್ನು ನಂಬುವುದನ್ನು ಬಿಟ್ಟಿದ್ದೆ. ಬಿ.ಎ. ಆದವನು ಏನಾದರೊಂದನ್ನು ನಂಬುವುದನ್ನು ಬಿಡಬೇಕಲ್ಲ.

ನಾನು ಹೇಳುತ್ತಿರುವ ಕಾಲಕ್ಕೆ ಟಾಕಿ ಸಿನಿಮಾ ಬಂದು ನಾಟಕ ಕಂಪನಿಗಳ ಉಸಿರು ಹಿಡಿದಿತ್ತು. ನಾನು ಧಾರವಾಡದ ಒಂದು ಕಚೇರಿಯಲ್ಲಿ ಹಂಗಾಮಿ ಕಾರಕೂನನಾಗಿ ಸೇರಿಕೊಂಡು ದಿನಾಲು ರೈಲಿನಲ್ಲಿ ಓಡಾಡುತ್ತಿದ್ದೆ. ಆಗ ಎಷ್ಟೋ ವರ್ಷಗಳ ಮೇಲೆ ಮಾಸ್ತರರದು ಒಂದು ಹೊಸ ಪ್ಲೇಟು ಬಂತು. ಗಂಡನ ಮನೆಗೆ ಹೊರಟ ರಾಜಕುಮಾರಿ ಅಪ್ಪನಿಗೆ ವಿದಾಯ ಹೇಳುವ ಹಾಡು.

ಹುಬ್ಬಳ್ಳಿಯಲ್ಲಿ ಅದನ್ನು ಕೇಳಿದ್ದು ರುದ್ರಪ್ಪನ ಅಂಗಡಿಯಲ್ಲಿ. ಆರು ಹೊಲಿಗೆ ಯಂತ್ರ, ಒಂದು ಗ್ರಾಮೊಫೋನ್, ಸುತ್ತ ಹತ್ತು ಹದಿನೈದು ಭಕ್ತರು. ಹಾಡು ಮುಗಿಯಿತು. ರುದ್ರಪ್ಪ ಹೇಳಿದ:

"ಇದು ರಾಜಕುಮಾರಿ ಹಾಡಿದಂಗ ಇಲ್ಲರೆಪಾ. ಆಕಿ ಅಪ್ಪ ಹಾಡಿದಂಗ ಐತಿ."

ದನಿ ದಪ್ಪಗಾಗಿತ್ತು, ಭಾರವಾಗಿತ್ತು. ನಾನೂ ಕೇಳಿದೆ, ಖರೇ. ರುದ್ರಪ್ಪ ತನ್ನ ಅಳತೆಯ ವಹಿ ತೆಗೆದು ಪುರಾವೆ ಒದಗಿಸಿದ: "ಇಲ್ಲಿ ನೋಡ್ರಿ, ಮೊದಲನೇ ಸಲ ಎದಿ ಮೂವತ್ತೆರಡು. ಹ್ವಾದ ಸಲ ಮೂವತ್ತೆಂಟು. ಹತ್ತಿ ಬಿಟ್ಟು ಹೇಳಾಕತ್ತೇನಿ ಮತ್ತ. ತಂಬಿಗಿ ಬಡದು ನೋಡ್ರಿ, ಕೊಡ ಬಡದು ನೋಡ್ರಿ. ದನಿ ಯಾವುದರದು ದಪ್ಪ? ಮಾಸ್ತರ್ದು ಮುಗೀತು."

ಅದೇ ಸಂಜೆ ನಾನು ಧಾರವಾಡದಲ್ಲಿ ಸ್ವಾಮಿರಾಯರ ಮನೆಯಲ್ಲಿದ್ದೆ. ಸ್ವಾಮಿರಾಯರು ನಮ್ಮ ಕಚೇರಿಯ ನಿವೃತ್ತ ಶಿರಸ್ತೇದಾರರು. ಜೀವಮಾನವಿಡೀ ಅರ್ಜಿಗಳ ಮೇಲೆ ಷರಾ ಬರೆದು, ಈಗ ಅರ್ಜಿಗಳಿಲ್ಲದ್ದರಿಂದ ಹಾಡುಗಳ ಮೇಲೆ ಬರೆಯುತ್ತಿದ್ದರು. ಅದಕ್ಕೊಂದು ನೋಟುಬುಕ್ಕು. ಶಾಲು ಹೊದ್ದು, ಕಿಟಕಿ ಮುಚ್ಚಿ, ತುತ್ತೂರಿಯ ದೊಡ್ಡ ಯಂತ್ರಕ್ಕೆ ತಾವೇ ಚಾವಿ ಕೊಟ್ಟು ಅದೇ ಪ್ಲೇಟು ಹಚ್ಚಿದರು. ನನಗೆ ದಿಗಿಲಾಯಿತು. ಹದಿನಾರು ವರ್ಷದ ಹುಡುಗಿಯೇ ಹಾಡುತ್ತಿದ್ದಳು, ಅದೂ ರೈಲು ತಪ್ಪಿಹೋಗುತ್ತದೆ ಎನ್ನುವ ಅವಸರದಲ್ಲಿ.

"ನೋಡ್ರಿ ದಾವಲಸಾಬ, ಮಾಸ್ತರಿಗೆ ವಯಸ್ಸು ತಿರಗಿ ಹೊಂಟದ" ಎಂದರು ರಾಯರು. ಷರಾ ಬರೆದರು: 'ದನಿ: ಯೌವನ. ತಾನ: ತೀವ್ರ. ಮಂಜೂರು.'

"ಹುಬ್ಬಳ್ಳಿಯೊಳಗ ಮುಗೀತು ಅಂತಾರಲ್ರಿ" ಎಂದೆ.

"ಹುಬ್ಬಳ್ಳಿಯವರು ಹತ್ತಿ, ಅರಳಿ ವ್ಯಾಪಾರ ಮಾಡ್ಲಿ. ಹಾಡು ಅವರ ಕೆಲಸ ಅಲ್ಲ ಅಂತ ಹೇಳ್ರಿ."

ಹೇಳಿದೆ. ದಿನಾಲು ಬೆಳಿಗ್ಗೆ ಹುಬ್ಬಳ್ಳಿಯ ಬೈಗುಳ ಧಾರವಾಡಕ್ಕೆ, ಸಂಜೆ ಧಾರವಾಡದ ಬೈಗುಳ ಹುಬ್ಬಳ್ಳಿಗೆ, ಎರಡೂ ನನ್ನ ಪಾಸಿನ ಮೇಲೆಯೇ ಪ್ರಯಾಣ ಮಾಡಿದವು. ಎರಡೂ ಕಡೆ ಕೇಳಿದವನು ನಾನೊಬ್ಬನೇ. ಎರಡೂ ಕಡೆಯವರೂ ನನ್ನನ್ನೇ ಕೇಳಿದರು: "ನೀವು ಕಲಿತವರು, ಇದು ಹೆಂಗ?"

ಕಲಿತವನು ಸುಮ್ಮನಿರಬಹುದಿತ್ತು. ನಾನು ಸಿದ್ಧಾಂತ ಮಾಡಿದೆ. ಹುಬ್ಬಳ್ಳಿ ತಗ್ಗಿನಲ್ಲಿದೆ, ಹವೆ ದಪ್ಪ, ಧೂಳು, ಹತ್ತಿ, ಅದಕ್ಕೆ ದನಿ ದಪ್ಪವಾಗುತ್ತದೆ. ಧಾರವಾಡ ಎತ್ತರದಲ್ಲಿದೆ, ಹವೆ ತೆಳು, ದನಿಯೂ ತೆಳು. ರುದ್ರಪ್ಪನ ಅಂಗಡಿಯ ನೆಲದ ಮೇಲೆ ಅವನದೇ ಸೀಮೆಸುಣ್ಣದಿಂದ ಎರಡೂ ಊರು, ನಡುವೆ ರೈಲು, ಎಲ್ಲ ಬರೆದು ತೋರಿಸಿದೆ. ಬಹಳ ಗೌರವದಿಂದ ನೋಡಿದರು. "ಹಂಗಾರ ಪ್ಲೇಟ ಉಪ್ಪಿನಬೆಟಗೇರಿಗೆ ಒಯ್ದ್ರ ಹೆಂಗ ಹಾಡತೈತ್ರಿ?" ಎಂದು ಒಬ್ಬ ಕೇಳಿದ. "ಅದನ್ನ ಪ್ರಯೋಗ ಮಾಡಿ ನೋಡಬೇಕು" ಎಂದೆ. ಆ ಗಾಂಭೀರ್ಯ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಷ್ಟರಲ್ಲಿ ಕಂಪನಿ ಹುಬ್ಬಳ್ಳಿಗೆ ಬರುವ ಸುದ್ದಿ ಬಂತು. ಮಾಸ್ತರರು ಮತ್ತೆ ಊರೂರು ತಿರುಗಾಟ ಹೊರಟಿದ್ದರು. ಅವರಿಗೆ ಮಾನಪತ್ರ ಕೊಡಬೇಕು, ಬರೆದು ಓದುವವನು ದಾವಲಸಾಬ ಬಿ.ಎ. ಎಂಬುದರಲ್ಲಿ ಎರಡೂ ಊರು ಒಂದಾದವು. ಅದರಲ್ಲಿ ಏನು ಬರೆಯಬೇಕು ಎಂಬಲ್ಲಿ ಎರಡಾದವು. ಇವರ ಊರಿಗೆ ಅವರು ಬರುವುದಿಲ್ಲ, ಅವರ ಊರಿಗೆ ಇವರು ಹೋಗುವುದಿಲ್ಲ. ಕೊನೆಗೆ ನಡುವಿನ ನವಲೂರು ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಸಭೆ ನೆರೆಯಿತು. ಸ್ವಾಮಿರಾಯರು ಒಂದು ಪೇರಲಹಣ್ಣಿನ ಬುಟ್ಟಿಯನ್ನು ಮಗುಚಿ ಹಾಕಿಸಿ ಅಧ್ಯಕ್ಷರಾಗಿ ಕೂತರು.

ರಾಯರ ಕಡೆಯವರು ನಾಲ್ವರು. ಅವರ ಪ್ರಕಾರ ಮಾನಪತ್ರದಲ್ಲಿ 'ಮುಪ್ಪರಿಯದ ಕಂಠ' ಎಂದಿರಬೇಕು. ರುದ್ರಪ್ಪನ ಕಡೆಯವರು ಆರು ಮಂದಿ. ಅವರ ಪ್ರಕಾರ, ದಯಮಾಡಿ ಹಾಡುವುದನ್ನು ನಿಲ್ಲಿಸಿ ಎಂದು ವಿನಂತಿ ಇರಬೇಕು.

"ಮಾನಪತ್ರದಾಗ ಯಾರರೆ ಹಂಗ ಬರೀತಾರೇನು?" ಎಂದರು ರಾಯರು.

"ದ್ವೇಷಕ್ಕ ಹೇಳೂದಿಲ್ಲರಿ ರಾಯರ" ಎಂದ ರುದ್ರಪ್ಪ. ಅವನ ದನಿ ಮೆತ್ತಗಾಗಿತ್ತು. "ನನ್ನ ಕೈಯಾರೆ ಆಕಿನ್ನ ಸಿಂಗಾರ ಮಾಡೇನಿ. ಆಕಿ ಮುದುಕಿ ಆಗೂದನ್ನ ನಾ ಯಾಕ ನೋಡಬೇಕು? ಛಲೋ ಇದ್ದಾಗ ಮನಿಗೆ ಹೋಗಲಿ."

ರಾಯರು ಉತ್ತರಕ್ಕೆ ಎದ್ದರು. ಮೂರು ಅಂಶಗಳಿವೆ ಎಂದರು. ಮೂರನೆಯದು ಶುರುವಾಗುವುದಕ್ಕೂ ಧಾರವಾಡಕ್ಕೆ ಹೋಗುವ ರೈಲು ಬರುವುದಕ್ಕೂ ಸರಿಹೋಯಿತು. ಅದು ಬಿಟ್ಟರೆ ಮುಂದಿನದು ಎಷ್ಟೋ ಹೊತ್ತಿಗೆ. ಮೂವರು ಓಡಿ ಹತ್ತಿದರು, ರಾಯರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಮಾತಾಡುತ್ತಲೇ ಇದ್ದರು. ಗಾಡಿ ಜಗ್ಗಿತು. ರುದ್ರಪ್ಪ ಕೈ ಎತ್ತಲು ಹೇಳಿದ. ಆರಕ್ಕೆ ಸೊನ್ನೆಯಿಂದ ಠರಾವು ಪಾಸಾಯಿತು. "ನನ್ನ ವಿರೋಧ ನಮೂದು ಮಾಡ್ರಿ" ಎಂಬ ಕೂಗು ಕಿಟಕಿಯಿಂದ ಬಂತು. ಕಾರಕೂನನ ಅಭ್ಯಾಸ, ಬರೆದುಕೊಂಡೆ: ವಿರೋಧ ಒಂದು, ಚಲಿಸುವ ಗಾಡಿಯಿಂದ.

ಮಾನಪತ್ರ ಬರೆಯಲು ಮೂರು ದಿನ ಹಿಡಿಯಿತು. ಜೀವನದಲ್ಲಿ ಮೊದಲ ಸಲ ನನ್ನ ಬಿ.ಎ. ನಾಲ್ಕು ಜನರೆದುರು ಹೊರಬೀಳುವುದಿತ್ತು. ಕಲಿತ ದೊಡ್ಡ ಶಬ್ದಗಳೆಲ್ಲ ಅಲ್ಲಿಗೆ ಬಂದು ಇಳಿದವು. 'ಹೇ ಗಾನರಸಸರೋವರ ರಾಜಹಂಸವೇ' ಎಂದು ಶುರು. ಕೊನೆಯ ಕಂಡಿಕೆಯಲ್ಲಿ ಆ ರಾಜಹಂಸಕ್ಕೆ, ದಿನಮಣಿಯು ಪಡುವಣಕ್ಕೆ ಸಾರಿದ ಈ ವೇಳೆಯಲ್ಲಿ ಮೌನವೆಂಬ ಕುಲಾಯವನ್ನು ಸೇರಬೇಕೆಂದು ವಿನಂತಿ. ಅಪ್ಪನಿಗೆ ಮೊದಲ ಸಾಲಿನಲ್ಲಿ ಕುರ್ಚಿ ಇಡಿಸಿದ್ದೆ. ಮೂವತ್ತು ವರ್ಷ ನೆಲದ ಮೇಲೆ ಕೂತು ಮಾಸ್ತರರನ್ನು ನೋಡಿದವನು, ಕುರ್ಚಿಯ ಮಾತು ಕೇಳಿದ ಮೇಲೆ ಕೋಟು ಒಗೆಸಿಟ್ಟುಕೊಂಡಿದ್ದ. ಅವನಿಗೆ ಓದಿ ತೋರಿಸೋಣವೆಂದು ಅಂಗಡಿಗೆ ಹೋದೆ.

ಅಪ್ಪ ಹತ್ತಿಯ ನಡುವೆ ನಿಂತು ಕೇಳಿದ. ಒಂದಕ್ಷರವೂ ತಿಳಿಯದಿದ್ದರೂ ಪ್ರತಿ ಸಾಲಿಗೂ ತಲೆಯಾಡಿಸಿದ. ಮುಗಿದ ಮೇಲೆ, "ಭಾಳ ಛಲೋ ಆಗೈತಿ. ಕಡೀಕ ಏನಂದಿ?" ಎಂದ.

"ಇನ್ನ ಹಾಡೂದು ಸಾಕು, ಮನ್ಯಾಗ ಕೂಡ್ರಿ ಅಂತ."

ಅಪ್ಪ ಬಡಿಗೆ ಕೆಳಗಿಟ್ಟ. "ಇದನ್ನ ಓದಾಂವ ನೀನ?"

"ಹೌದು. ಠರಾವು ಆಗೈತಿ."

"ಅವರ ಮುಂದ?"

"ಹೌದು."

"ನಾ ಕುರ್ಚಿ ಮ್ಯಾಲೆ ಕುಂತಿರತೇನಿ?"

ಅಪ್ಪ ಗಡ್ಡಕ್ಕೆ ಅಂಟಿದ ಹತ್ತಿ ತೆಗೆದ. ಅವನು ಯಾವತ್ತೂ ಪ್ಲೇಟು ಕೇಳಿದವನಲ್ಲ, ಮನುಷ್ಯನಿಲ್ಲದೆ ದನಿ ಬಂದರೆ ಅದು ಶಹಾಣೆತನದ ಲಕ್ಷಣವಲ್ಲ ಎನ್ನುತ್ತಿದ್ದ. ಅವತ್ತು ಮಾತ್ರ, "ನಡಿ, ಆ ಪ್ಲೇಟ್ ನಾ ಒಮ್ಮೆ ಕೇಳತೇನಿ" ಎಂದು ಕಮಾನನ್ನು ಹೆಗಲಿಗೇರಿಸಿದ.

"ಕಮಾನು ಯಾಕ?"

"ಮಾಸ್ತರ್ದು ಸಾ ನನ್ನ ಹಂತ್ಯಾಕ ಐತಿ. ಕೂಡಿಸಿ ನೋಡೂಣು."

ಹುಬ್ಬಳ್ಳಿಯ ಪೇಟೆಯಲ್ಲಿ ಹಾಡಹಗಲೇ ಅಪ್ಪ ಯುದ್ಧಕ್ಕೆ ಹೊರಟವನಂತೆ ಮುಂದೆ, ಬಿ.ಎ. ಮಗ ಮಾನಪತ್ರ ಹಿಡಿದು ಹಿಂದೆ. "ಮಾಬಣ್ಣ, ಯಾರ ಮನಿ ಗಾದಿ ಹಿಂಜಾಕ?" ಎಂದು ಒಬ್ಬ ಕೇಳಿದ. "ಮಾಸ್ತರ್ದು" ಎಂದು ಅಪ್ಪ ನಿಲ್ಲದೆ ನಡೆದ.

ರುದ್ರಪ್ಪ ಪ್ಲೇಟು ಹಚ್ಚಿದ. ಅಪ್ಪ ಕಣ್ಣು ಮುಚ್ಚಿ ಕೇಳಿದ, ನಡುವೆ ಒಮ್ಮೆ ತಂತಿ ಮೀಟಿದ. ಕಮಾನು ಮೇಲೆ, ಹಾಡು ಕೆಳಗೆ. ಮತ್ತೊಮ್ಮೆ ಮೀಟಿದ. ಎರಡೂ ಕೂಡಲಿಲ್ಲ.

"ನಾ ಹೇಳಲಿಲ್ಲೇನು?" ಎಂದ ರುದ್ರಪ್ಪ. "ಮುಪ್ಪಿಗೆ ದನಿ ಇಳಿತೈತಿ ಮಾಬಣ್ಣ. ನನ್ನ ವಹ್ಯಾಗ ಐತಿ."

"ಮಾಸ್ತರ್ದು ದನಿ ಇಳದ್ರ ಇಳೀಲಿ" ಎಂದ ಅಪ್ಪ. "ಹಿಂದ ಪೇಟಿ ಬಾರಸಾಕತ್ತಾರಲ್ಲ, ಅದೂ ಇಳದೈತಿ. ಕರಿ ಮೂರಕ್ಕೂ ಕೂಡೂದಿಲ್ಲ, ಬಿಳಿ ಐದಕ್ಕೂ ಕೂಡೂದಿಲ್ಲ, ಎರಡರ ಸಂದ್ಯಾಗ ಸಿಕ್ಕೊಂಡೈತಿ. ಪೇಟಿಗೂ ಮುಪ್ಪು ಬಂತೇನು?"

ಆರೂ ಹೊಲಿಗೆ ಯಂತ್ರಗಳು ನಿಂತವು.

ಆಗ ನಾನು, ಮೊಟ್ಟಮೊದಲ ಸಲ, ಗ್ರಾಮೊಫೋನಿನ ಮುಚ್ಚಳದ ಒಳಗೆ ಅಂಟಿಸಿದ್ದ ಇಂಗ್ಲಿಷ್ ಚೀಟಿಯನ್ನು ಓದಿದೆ. ಪ್ಲೇಟು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕು, ಕೆಳಗೆ ಕಾಗದದ ಚೂರಿಟ್ಟು ಎಣಿಸಬೇಕು, ಸುತ್ತು ಕಡಿಮೆಯಾದರೆ ದನಿ ಇಳಿಯುತ್ತದೆ, ಹೆಚ್ಚಾದರೆ ಏರುತ್ತದೆ, ಆಗ ಇಂಥ ತಿರುಪು ತಿರುವಬೇಕು ಎಂದು ಅಚ್ಚುಹಾಕಿಸಿದ್ದರು. ಆ ಅಂಗಡಿಯಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ವಾರಗಟ್ಟಲೆ ಆ ಚೀಟಿಯ ಎದುರಿಗೇ ನಿಂತು ಹವೆ, ಎತ್ತರ, ಧೂಳು ಎಂದು ಪಾಠ ಹೇಳಿದ್ದೆ. ಎಣಿಸಿದೆ. ಎಪ್ಪತ್ತೆರಡು.

"ರುದ್ರಣ್ಣ, ಈ ತಿರುಪು ಯಾರು ಮುಟ್ಟಿದ್ರು?" ಎಂದೆ.

ರುದ್ರಪ್ಪ ಹೇಳಿದ: "ನಾನ. ಹಾಡಿನ ತಾಳಕ್ಕ ನಮ್ಮ ಮಂದಿ ಮಷಿನ್ ತುಳಿತಾರ. ಜೋರು ಹಾಡು ಹಚ್ಚಿದ್ರ ಹೊಲಿಗಿ ಸೊಟ್ಟ ಬೀಳತಿತ್ತು. ಒಂದೀಟು ಇಳಿಸೇನಿ. ಈಗ ನೋಡ್ರಿ, ಗೆರಿ ಹೊಡದಂಗ ಬರತೈತಿ."

ಮಾರನೆಯ ದಿನ ಧಾರವಾಡದಲ್ಲಿ ರಾಯರ ಯಂತ್ರವನ್ನೂ ಎಣಿಸಿದೆ. ಎಂಬತ್ತನಾಲ್ಕು. ಸ್ಪ್ರಿಂಗು ಹಳೆಯದು, ಹಾಡಿನ ಕೊನೆಗೆ ಜೋಲುತ್ತದೆ ಎಂದು ಮುಂಜಾಗ್ರತೆಯಾಗಿ ಅವರು ಬಿಗಿಮಾಡಿಟ್ಟಿದ್ದರಂತೆ. ಇವರದು ಆರು ಕಡಿಮೆ, ಅವರದು ಆರು ಹೆಚ್ಚು. ಎರಡು ಊರುಗಳ ಹಗೆತನಕ್ಕೆ ಹನ್ನೆರಡು ಸುತ್ತು ಸಾಕಾಗಿತ್ತು.

ಇಲ್ಲಿಗೆ ಜಗಳ ಮುಗಿಯಿತು ಎಂದು ನೀವು ತಿಳಿದರೆ, ನಿಮಗೆ ಅಭಿಮಾನಿಗಳ ಪರಿಚಯವಿಲ್ಲ. ರುದ್ರಪ್ಪನ ಯಂತ್ರವನ್ನು ಎಪ್ಪತ್ತೆಂಟಕ್ಕೆ ತಂದು ಪ್ಲೇಟು ಹಚ್ಚಿದ್ದೆವು. ಕಮಾನು ಮತ್ತು ಹಾಡು ಕೂದಲೆಳೆಯಷ್ಟೂ ಅಂತರವಿಲ್ಲದೆ ಕೂಡಿದವು. ಅಪ್ಪನ ಮುಖ ಅರಳಿ, ಮೇಲಿನ ಸ್ವರ ಬಂದಾಗ ಬಾಡಿತು. ಮಾಸ್ತರರು ಆ ಸ್ವರದ ಮೇಲೆ ನಿಲ್ಲಲಾರದೆ, ಗೋಡೆ ಏರುವವರ ಹಾಗೆ ಏದುಸಿರು ಬಿಟ್ಟದ್ದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು.

"ದಮ್ಮು ಹತ್ತೈತಿ" ಎಂದ ಅಪ್ಪ, ಮೆಲ್ಲಗೆ.

"ಅಂದ್ರ ನಮ್ಮ ಠರಾವು ಖರೇನ ಆತಲ್ಲ" ಎಂದು ರುದ್ರಪ್ಪ ತಿರುಪನ್ನು ಮೊದಲಿನ ಜಾಗಕ್ಕೇ ತಿರುವಿದ. ರಾಯರೂ ಎಪ್ಪತ್ತೆಂಟರಲ್ಲಿ ಒಮ್ಮೆ ಕೇಳಿ, "ಇದರಾಗ ಮಜಾ ಇಲ್ಲ" ಎಂದು ಎಂಬತ್ತನಾಲ್ಕಕ್ಕೆ ಮರಳಿದರು. ಠರಾವು ನವಲೂರಿನಲ್ಲಿ ಆದದ್ದು, ರದ್ದಾಗುವುದಿದ್ದರೂ ನವಲೂರಿನಲ್ಲೇ ಆಗಬೇಕು, ಅದಕ್ಕೆ ವೇಳೆಯಿಲ್ಲ, ಎಂಬುದರಲ್ಲಿ ಮಾತ್ರ ಎರಡೂ ಕಡೆ ಒಮ್ಮತ.

ದಾರಿಯಲ್ಲಿ ಅಪ್ಪನನ್ನು ಕೇಳಿದೆ: "ಏನ್ ಮಾಡಲಿ?"

"ನನಗೇನ್ ಕೇಳತಿ? ನಮ್ಮ ಅಂಗಡಿ ಬೋರ್ಡಿನ ಮ್ಯಾಲೆ ಬಿ.ಎ. ಅಂತ ಯಾರಿಗೆ ಬರಸೇನಿ?"

ಸತ್ಕಾರ ನಡೆದದ್ದು ಕಂಪನಿಯ ತಗಡಿನ ಥೇಟರಿನಲ್ಲಿ, ಮಧ್ಯಾಹ್ನ. ಮಾಸ್ತರರು ಬಂದರು. ಬಣ್ಣವಿಲ್ಲದೆ ನಾನು ಅವರನ್ನು ಕಂಡದ್ದು ಅದೇ ಮೊದಲು. ಗಿಡ್ಡ ಮನುಷ್ಯ, ಬಿಳಿಗೂದಲನ್ನು ತುರುಬು ಕಟ್ಟಿ ಟೊಪ್ಪಿಗೆಯೊಳಗೆ ಸೇರಿಸಿದ್ದರು, ಕಣ್ಣಂಚಿನಲ್ಲಿ ತೊಳೆದರೂ ಹೋಗದ ಕಾಡಿಗೆ. ಮೇಜಿನ ಮೇಲೆ ರುದ್ರಪ್ಪನ ಯಂತ್ರ ಇತ್ತು, ಮಾಸ್ತರರ ಸತ್ಕಾರದಲ್ಲಿ ಮಾಸ್ತರರಿಗೆ ಮಾಸ್ತರರ ಪ್ಲೇಟು ಕೇಳಿಸಲು. ಅದರ ಪಕ್ಕ ಸ್ವಾಮಿರಾಯರ ತುತ್ತೂರಿಯ ಯಂತ್ರ. ಅದನ್ನು ಅವರು ಧಾರವಾಡದಿಂದ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು, ವಿರೋಧಕ್ಕೆ ಪುರಾವೆಯಾಗಿ. "ಅವರು ಸಾಕ್ಷಿ ತಂದಾರ, ನನ್ನದೂ ಇರಲಿ" ಎಂದು ಅಪ್ಪ ಕಮಾನು ತಂದು ಕಂಬಕ್ಕೆ ಆನಿಸಿ, ಒಗೆದ ಕೋಟಿನಲ್ಲಿ ಕುರ್ಚಿಯ ತುದಿಗೆ ಕೂತಿದ್ದ.

ಯಾರದು ಮೊದಲು ಎಂಬ ತಕರಾರಿನಲ್ಲಿ ಎರಡೂ ಯಂತ್ರಗಳು ಒಮ್ಮೆಗೇ ಶುರುವಾದವು. ಒಂದರಲ್ಲಿ ಮಗಳು ಅವಸರ ಮಾಡುತ್ತಿದ್ದಳು, ಇನ್ನೊಂದರಲ್ಲಿ ಅವಳ ಅಪ್ಪ ಹಿಂದಿನಿಂದ ಎಳೆಯುತ್ತಿದ್ದ. ಮಗಳು ಗಂಡನ ಮನೆ ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ ಅಪ್ಪ ಮುಗಿಸಿದ. ಮಾಸ್ತರರು ಹಾರದ ನಡುವಿನಿಂದ ಒಂದು ಯಂತ್ರವನ್ನೊಮ್ಮೆ ಇನ್ನೊಂದನ್ನೊಮ್ಮೆ ನೋಡಿದರು.

ನನ್ನ ಹೆಸರು ಕರೆದರು. ರಾಜಹಂಸದಿಂದ ಶುರು ಮಾಡಿ ಕೊನೆಯ ಕಂಡಿಕೆಯವರೆಗೆ ಬಂದೆ. ಅಪ್ಪ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದ. ನಾನು ನಿಲ್ಲಿಸಿದೆ.

"ಮುಂದ ಓದ್ರಿ ಬಿ.ಎ., ಠರಾವು ಐತಿ" ಎಂದ ರುದ್ರಪ್ಪ.

ಕಾಗದ ಮಡಚಿದೆ. ದೊಡ್ಡ ಶಬ್ದಗಳೆಲ್ಲ ಎಲ್ಲಿಗೋ ಹೋದವು. "ಮುಂದಿಂದು ನಾ ಓದೂದಿಲ್ಲರಿ. ತಪ್ಪು ತಿಳದು ಬರದೇನಿ. ಆ ಪೆಟ್ಟಿಗಿ ಮುಚ್ಚಳದಾಗ ಇಂಗ್ಲೀಷಿನಾಗ ಬರದಿತ್ತು, ನಾ ಓದಿರಲಿಲ್ಲ" ಎಂದು ಎಪ್ಪತ್ತೆರಡು, ಎಂಬತ್ತನಾಲ್ಕು, ಹವೆಯ ಸಿದ್ಧಾಂತ, ಎಲ್ಲ ಹೇಳಿಬಿಟ್ಟೆ. ಜನ ನಕ್ಕರು. ಮಾಸ್ತರರು ನಗಲಿಲ್ಲ.

"ಮುಂದ ಏನ್ ಬರದೀರಿ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. "ಇನ್ನ ಹಾಡೂದು ಬಿಡ್ರಿ ಅಂತ ಬರದೇನ್ರಿ."

ಮಾಸ್ತರರು ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಪೆಟ್ಟಿಗಿ ಕೇಳಿ ಬರದ್ರಿ?"

ರುದ್ರಪ್ಪನದನ್ನು ತೋರಿಸಿದೆ. "ಅದೊಂದ ಹಚ್ರಿ" ಎಂದರು. ಹಾಡು ಮುಗಿಯುವವರೆಗೆ ಎದ್ದು ನಿಂತು, ಯಂತ್ರದ ಮೇಲೆ ಬಾಗಿ ಕೇಳಿದರು. ಪಿನ್ನು ಖಾಲಿ ಗೆರೆಯ ಮೇಲೆ ಕರಕರ ಎನ್ನುತ್ತಿದ್ದಾಗ ಮಾತಾಡಿದರು:

"ಇಂವ ಯಾರೋ ಛಲೋ ಹಾಡತಾನಲ್ರಿ. ದಮ್ಮಿಲ್ಲ, ತ್ರಾಸಿಲ್ಲ. ಆರಾಮ ಕುಂತು ಹಾಡಿದಂಗ ಐತಿ."

"ನೀವರಿ ಅದು" ಎಂದ ರುದ್ರಪ್ಪ.

"ನಾ ಎಲ್ಲಿ ಹಿಂಗ ಹಾಡೇನಪಾ? ಮೂವತ್ತು ವರ್ಷ ಆತು, ಕರಿ ನಾಕಕ್ಕ ಜೋತುಬಿದ್ದೇನಿ. ಕೆಳಗ ಇಳದ್ರ ನೀವು ಎದ್ದು ಹೋಗತೀರಿ ಅಂತ." ಪೇಟಿಯವನ ಕಡೆ ತಿರುಗಿ, "ಈ ಸಾ ಕೊಡು" ಎಂದರು.

ಪೇಟಿಯವನು ಕರಿ ಮೂರು ಒತ್ತಿದ, ತಗ್ಗಾಯಿತು. ಬಿಳಿ ಐದು ಒತ್ತಿದ, ಏರಾಯಿತು. "ಈ ಸಾ ಪೇಟ್ಯಾಗ ಇಲ್ಲರಿ ಮಾಸ್ತರ" ಎಂದ.

ಆಗ ಅಪ್ಪ ಕುರ್ಚಿಯಿಂದ ಎದ್ದ. ಯಾರನ್ನೂ ಕೇಳದೆ ಕಂಬದ ಹತ್ತಿರ ಹೋಗಿ, ಅಷ್ಟು ವರ್ಷ ಜೋಪಾನ ಮಾಡಿದ ತಂತಿಯ ಬಿಗಿಯನ್ನು ಸ್ವಲ್ಪವೇ ಸಡಿಲಿಸಿದ. ಮೀಟಿದ. ಇನ್ನೊಂದು ಎಳೆ ಸಡಿಲಿಸಿದ. ಮೀಟಿದ. ಮಾಸ್ತರರು ಕಣ್ಣು ಮುಚ್ಚಿ ಕೈ ಎತ್ತಿದರು: "ಸಾಕು ಮಾಬೂ, ಅಲ್ಲೇ ಇರಲಿ."

ಮಾಸ್ತರರು ಹಾಡಿದರು. ಅದೇ ಪ್ಲೇಟಿನ ಹಾಡು, ಅದೇ ಮಾತುಗಳು. ಆದರೆ ಹೊರಟವಳು ಹಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಅವಳ ಅಪ್ಪ, ಮಗಳು ಹೇಳಿ ಹೋದ ಮಾತುಗಳನ್ನು ತನಗೆ ತಾನೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದ. ಹಿಂದೆ ನಮ್ಮ ಅಪ್ಪ, ಒಗೆದ ಕೋಟು ಹಾಕಿಕೊಂಡು, ಗಾದಿ ಹಿಂಜುವ ಲಯದಲ್ಲಿಯೇ ಝಂಯ್, ಝಂಯ್. ಕೋಟಿಗೆ ಎಲ್ಲಿಂದಲೋ ಹತ್ತಿ ಅಂಟಿತ್ತು.

ಮುಗಿದಾಗ ಸ್ವಾಮಿರಾಯರು ನೋಟುಬುಕ್ಕು ತೆಗೆದು ಬಹಳ ಹೊತ್ತು ಯೋಚಿಸಿ, 'ವಿಚಾರಣೆ ಬಾಕಿ' ಎಂದು ಬರೆದರು. ರುದ್ರಪ್ಪ ಕಣ್ಣು ಒರೆಸಿಕೊಂಡು ಮುಂದೆ ಬಂದ, ಕೊರಳಲ್ಲಿದ್ದ ಟೇಪು ತೆಗೆದ. "ಮಾಸ್ತರ, ಹಂಗಾರ ಇನ್ನ ಕೋಟಿನ ಅಳತಿ ತಗೊಳ್ಳೇನ್ರಿ?" ಎಂದ. ಮಾಸ್ತರರು ಎರಡೂ ಕೈ ಚಾಚಿ ನಿಂತುಕೊಂಡರು.

ಮನೆಗೆ ಬರುವಾಗ ಅಪ್ಪನನ್ನು ಕೇಳಿದೆ, ಹೇಗಾಯಿತು ನನ್ನ ಓದು ಎಂದು. "ಛಲೋ ಓದಿದಿ. ಕಾಗದ ಮಡಚಿದ ಮ್ಯಾಲಿಂದಷ್ಟು ತಿಳೀತು" ಎಂದ. ಸ್ವಲ್ಪ ದೂರ ನಡೆದು, "ಕುರ್ಚಿ ಮ್ಯಾಲೆ ಪೂರ್ತಿ ಕೂಡಾಕ ಆಗಲಿಲ್ಲ ನೋಡ" ಎಂದ.

ಆ ಹಂಗಾಮಿನಿಂದ ಮಾಸ್ತರರು ಅಪ್ಪಂದಿರ ಪಾತ್ರ ಮಾಡತೊಡಗಿದರು. ಹುಬ್ಬಳ್ಳಿಯಲ್ಲಿ ಅರ್ಧ ಜನ ಹೊಗಳಿದರು, ಅರ್ಧ ಜನ ಟಾಕಿಗೆ ಹೋದರು, ಧಾರವಾಡದಲ್ಲಿ ವಿಚಾರಣೆ ಬಾಕಿಯೇ ಉಳಿಯಿತು. ಅಪ್ಪ ಮಾತ್ರ ತಂತಿಯನ್ನು ಮತ್ತೆ ಬಿಗಿಮಾಡಲಿಲ್ಲ. ಸಡಿಲ ತಂತಿಗೆ ಹತ್ತಿ ಸರಿಯಾಗಿ ಬಿಡುವುದಿಲ್ಲ, ಗಂಟು ಉಳಿಯುತ್ತದೆ. ಆ ವರ್ಷ ಹುಬ್ಬಳ್ಳಿಯ ಗಾದಿಗಳೆಲ್ಲ ಗಂಟುಗಂಟಾದವು. ಬಂದು ಜಗಳಾಡಿದವರಿಗೆ ಅಪ್ಪ ಒಂದೇ ಉತ್ತರ ಕೊಡುತ್ತಿದ್ದ: "ಮಾಸ್ತರ್ದು ಸಾ ಐತ್ರಿ, ಮುಟ್ಟೂದಿಲ್ಲ."

ಕಂಪನಿ ಬಿಡಾರ ಕೀಳುವಾಗ ಮಾಸ್ತರರು ಒಂದು ಸಣ್ಣ ಗಂಟು ಕಳಿಸಿದರು. ಅದರಲ್ಲಿ ರಾಜಕುಮಾರಿಯ ಹತ್ತಿ ಇತ್ತು. ಅವರಿಗೆ ಇನ್ನು ಅದರ ಕೆಲಸವಿರಲಿಲ್ಲ. ಅಪ್ಪ ಅದನ್ನು ಅದೇ ಸಡಿಲ ತಂತಿಯಲ್ಲಿ ಹಿಂಜಿ ನನ್ನ ಮದುವೆಗೆ ಒಂದು ತಲೆದಿಂಬು ಮಾಡಿಕೊಟ್ಟ. ಅದರ ಗಂಟುಗಳು ಇವತ್ತಿಗೂ ಕಿವಿಗೆ ಒತ್ತುತ್ತವೆ. "ಇದನ್ನ ಬಿಚ್ಚಿ ಹಿಂಜಿಸೂಣು" ಎಂದು ನನ್ನ ಹೆಂಡತಿ ವರ್ಷಕ್ಕೊಮ್ಮೆ ಹೇಳುತ್ತಾಳೆ, ನಾನು ಬೇಡವೆನ್ನುತ್ತೇನೆ. ಅಪ್ಪ ಮಾಡಿದ್ದು ಎಂದಷ್ಟೇ ಅವಳಿಗೆ ಗೊತ್ತು. ಒಳಗಿನ ಹತ್ತಿ ಮೊದಲು ಎಲ್ಲಿತ್ತು ಎಂಬುದನ್ನು ನಾನಿನ್ನೂ ಹೇಳಿಲ್ಲ.